ಪ್ರೀಮಿಯಂ ಎಂಬ ಆದಾಯ: ಪರಾಗದಿಂದ ಷೇರುಪೇಟೆಯವರೆಗೆ

ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 1964ರಲ್ಲಿ ಮಣಿಪಾಲಕ್ಕೆ ಪ್ರಧಾನ ಕಚೇರಿಯನ್ನು ಸಾಗಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸುವವರಿಗೂ ಬಡ್ಡಿಯ ರುಚಿ ತೋರಿಸಿದ ಯೋಜನೆ ಅದು. ಇಂದು ಅದೇ ಊರುಗಳಲ್ಲಿ 'ಆಪ್ಷನ್ ಬರೆದು ತಿಂಗಳ ಆದಾಯ ಪಡೆಯಬಹುದೇ?' ಎಂಬ ಪ್ರಶ್ನೆ ಕೇಳಿಬರುತ್ತದೆ. ಆಪ್ಷನ್ನಿನ ಪ್ರೀಮಿಯಂ ಕೂಡ ಬಡ್ಡಿಯಂಥದೇ? ಉತ್ತರಕ್ಕೆ ಭೌತವಿಜ್ಞಾನದ ಚರಿತ್ರೆಯೂ ನೆರವಾಗುತ್ತದೆ.

ಮೊದಲು ಒಂದು ಕಲ್ಪಿತ ಉದಾಹರಣೆ. ಕಾಪು ಬಳಿಯ ಶಂಕರಪುರದ ಮಲ್ಲಿಗೆಯ ದರ ದಿನದಿನಕ್ಕೂ ಏರಿಳಿಯುತ್ತದೆ. ಬೆಳೆಗಾರರೊಬ್ಬರು ಕಾರ್ಕಳದ ವ್ಯಾಪಾರಿಯಿಂದ 50 ರೂಪಾಯಿ ಪಡೆದು, 'ಮುಂದಿನ ತಿಂಗಳು ಇಂಥ ದಿನ ನೀವು ಬಯಸಿದರೆ ಒಂದು ಅಟ್ಟೆಯನ್ನು 800 ರೂಪಾಯಿಗೆ ಕೊಡುತ್ತೇನೆ' ಎಂದು ಒಪ್ಪಿದರೆನ್ನಿ. ದರ 1500 ಆದರೂ 800ಕ್ಕೇ ಕೊಡಬೇಕು. 400ಕ್ಕೆ ಇಳಿದರೆ ವ್ಯಾಪಾರಿ ಬರುವುದಿಲ್ಲ. ಬೆಳೆಗಾರರಿಗೆ 50 ರೂಪಾಯಿ ಉಳಿಯುತ್ತದೆ, ಹೂವಿಗೆ 400 ಮಾತ್ರ ಸಿಗುತ್ತದೆ. ಹೂವು ತಮ್ಮ ತೋಟದಲ್ಲೇ ಇರುವುದರಿಂದ ಇದು 'ಕವರ್ಡ್ ಕಾಲ್'. ಬದಲಾಗಿ ವ್ಯಾಪಾರಿಯೇ ಶುಲ್ಕ ಪಡೆದು, ಹಣ ತೆಗೆದಿರಿಸಿ, ನಿಗದಿತ ದರಕ್ಕೆ ಕೊಳ್ಳುವ ಮಾತು ಕೊಟ್ಟರೆ ಅದು 'ಕ್ಯಾಶ್ ಸೆಕ್ಯೂರ್ಡ್ ಪುಟ್'.

ಈ ಶುಲ್ಕ ಎಷ್ಟಿರಬೇಕು? 1827ರಲ್ಲಿ ರಾಬರ್ಟ್ ಬ್ರೌನ್, ಪರಾಗದಿಂದ ಹೊರಬಂದ ಸೂಕ್ಷ್ಮಕಣಗಳು ನೀರಿನಲ್ಲಿ ಅಡ್ಡಾದಿಡ್ಡಿ ಚಲಿಸುವುದನ್ನು ಗಮನಿಸಿದರು. 1900ರಲ್ಲಿ ಪ್ಯಾರಿಸ್ಸಿನ ಲೂಯಿ ಬಾಷೆಲಿಯೇ, ಷೇರುಪೇಟೆಯ ಬೆಲೆಗಳಿಗೆ ಇಂಥದೇ ಯಾದೃಚ್ಛಿಕ ಚಲನೆಯ ಗಣಿತವನ್ನು ರೂಪಿಸಿದರು. ಐನ್‌ಸ್ಟೈನರ ಬ್ರೌನಿಯನ್ ಚಲನೆಯ ಪ್ರಬಂಧ ಬಂದದ್ದು ಐದು ವರ್ಷಗಳ ನಂತರ! ಚಲನೆಯ ಹರವು ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಪ್ರಚಲಿತ ಬೆಲೆಗೇ ಬರೆದ ನಾಲ್ಕು ತಿಂಗಳ ಆಪ್ಷನ್ನಿನ ಪ್ರೀಮಿಯಂ ಒಂದು ತಿಂಗಳದ್ದರ ನಾಲ್ಕು ಪಟ್ಟಲ್ಲ, ಸುಮಾರು ಎರಡು ಪಟ್ಟು. 1973ರ ಬ್ಲ್ಯಾಕ್–ಶೋಲ್ಸ್ ಸಮೀಕರಣವನ್ನು ಉಷ್ಣಪ್ರಸರಣದ ಸಮೀಕರಣವಾಗಿಯೇ ಪರಿವರ್ತಿಸಬಹುದು.

ಇನ್ನೊಂದು ಅಚ್ಚರಿಯಿದೆ. ಷೇರಿನ ಬೆಲೆ 100, ಒಪ್ಪಂದದ ಬೆಲೆಯೂ 100, ಪ್ರೀಮಿಯಂ 4 ಎಂದುಕೊಳ್ಳಿ; ಬಡ್ಡಿಯನ್ನು ಬಿಟ್ಟುಬಿಡೋಣ. ತಿಂಗಳ ಕೊನೆಗೆ ಬೆಲೆ 120 ಆದರೆ ಕವರ್ಡ್ ಕಾಲ್‌ಗೂ ಪುಟ್‌ಗೂ ಲಾಭ 4. ಬೆಲೆ 70 ಆದರೆ ಎರಡಕ್ಕೂ ನಷ್ಟ 26. ಹೆಸರು ಎರಡು, ವಸ್ತು ಒಂದೇ. ಇದರ ಹಿಂದಿರುವ ಸಮತೆಯನ್ನು ಹ್ಯಾನ್ಸ್ ಸ್ಟಾಲ್ 1969ರಲ್ಲಿ ನಿರೂಪಿಸಿದರು. ಲಾಭಕ್ಕೆ ಮಿತಿಯಿದೆ, ನಷ್ಟದ ಹಾದಿ ಮಾತ್ರ ಉದ್ದ.

ಭಾರತದ ಪೇಟೆಗಳಲ್ಲಿ ಹಿಂದೆ ಇಂಥ ಒಪ್ಪಂದಗಳನ್ನು ತೇಜಿ, ಮಂದಿ ಎನ್ನುತ್ತಿದ್ದರು. 1956ರ ಕಾಯಿದೆ ಷೇರುಗಳ ಆಪ್ಷನ್‌ಗಳನ್ನು ನಿಷೇಧಿಸಿತು. 1995ರಲ್ಲಿ ನಿಷೇಧ ತೆರವಾಯಿತು. 2001ರ ಜೂನ್‌ನಲ್ಲಿ ಸೂಚ್ಯಂಕದ, ಜುಲೈನಲ್ಲಿ ಬಿಡಿ ಷೇರುಗಳ ಆಪ್ಷನ್ ವಹಿವಾಟು ಮೊದಲಾಯಿತು. 2019ರ ಅಕ್ಟೋಬರ್‌ನಿಂದ ಬಿಡಿ ಷೇರುಗಳ ಎಲ್ಲ ಒಪ್ಪಂದಗಳಲ್ಲೂ ಷೇರನ್ನೇ ಕೊಟ್ಟು ಪಡೆಯಬೇಕು. ಹಾಗಾಗಿ ಪುಟ್ ಬರೆದವರು ಪೂರ್ತಿ ಹಣವನ್ನು ಸಿದ್ಧವಾಗಿಟ್ಟಿರಬೇಕಾದುದು ಬರಿಯ ಶಿಸ್ತಲ್ಲ, ಅಗತ್ಯ. ಹಾಗೆ ಕೈಸೇರಿದ ಷೇರಿನ ಮೇಲೆ ಕಾಲ್ ಬರೆಯುವಾಗಲೂ ಎಚ್ಚರ ಬೇಕು: ಕೊಂಡ ಬೆಲೆಗಿಂತ ತೀರ ಕೆಳಗೆ ಬರೆದರೆ, ಷೇರು ಮತ್ತೆ ಚೇತರಿಸಿಕೊಂಡರೂ ನಷ್ಟವೇ ಖಚಿತ.

2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನದಲ್ಲಿ ಸುಮಾರು ಶೇ. 13 ಕುಸಿಯಿತು. ಬಾಷೆಲಿಯೇ ಬಳಸಿದ ಗಂಟೆಯಾಕಾರದ ವಕ್ರರೇಖೆಯ ಪ್ರಕಾರ ಇಂಥ ಜಿಗಿತ ಅಸಂಭವವೆನ್ನುವಷ್ಟು ಅಪರೂಪ; ಪೇಟೆಗಳು ಇದನ್ನು ಹಲವು ಬಾರಿ ಕಂಡಿವೆ. ಅದಾದ ಒಂಬತ್ತನೆಯ ದಿನ, ಏಪ್ರಿಲ್ 1ರಂದು, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1000 ಷೇರುಗಳಿದ್ದವರಿಗೆ ಕೆನರಾದ 158 ಷೇರುಗಳು ದೊರೆತವು. 'ನಮ್ಮೂರ ಬ್ಯಾಂಕು' ಎಂಬ ಅಭಿಮಾನ ಷೇರಿನ ಬೆಲೆಯನ್ನು ಕಾಯುವುದಿಲ್ಲ. ಪ್ರೀಮಿಯಂ ಕೂಡ ಕಾಯುವುದಿಲ್ಲ, ಏಟನ್ನು ಸ್ವಲ್ಪ ತಗ್ಗಿಸುತ್ತದೆ ಅಷ್ಟೆ. ಆಪ್ಷನ್ ಬರೆಯುವ ಮುನ್ನ ನೋಡಬೇಕಾದುದು ಪ್ರೀಮಿಯಂ ಮೊತ್ತವನ್ನಲ್ಲ. ಬೆಲೆ ಬಿದ್ದಾಗಲೂ ಆ ಷೇರನ್ನು ಇಟ್ಟುಕೊಳ್ಳಬಲ್ಲೆವೇ ಎಂಬುದನ್ನು.

ಬಡ್ಡಿ ನಾವು ಕೊಟ್ಟ ಹಣಕ್ಕೆ ಸಿಗುವ ಬಾಡಿಗೆ. ಪ್ರೀಮಿಯಂ, ಇನ್ನೊಬ್ಬರ ಅಪಾಯವನ್ನು ಹೊತ್ತದ್ದಕ್ಕೆ ಸಿಗುವ ಕೂಲಿ. ಶಿಕ್ಷಕರು ಮೇಲಿನ ಉದಾಹರಣೆಯ ಎರಡು ಒಪ್ಪಂದಗಳ ಲಾಭ-ನಷ್ಟವನ್ನು ವಿದ್ಯಾರ್ಥಿಗಳಿಂದ ಒಂದೇ ಗ್ರಾಫ್ ಹಾಳೆಯಲ್ಲಿ ಬರೆಸಲಿ. ಎರಡು ರೇಖೆಗಳು ಒಂದರ ಮೇಲೊಂದು ಕೂರುವುದನ್ನೂ, ಎಡಕ್ಕೆ ಹೋದಂತೆ ಅವು ಎಷ್ಟು ಕೆಳಗಿಳಿಯುತ್ತವೆ ಎಂಬುದನ್ನೂ ಅವರೇ ಕಾಣುತ್ತಾರೆ.