ಫೈನಲ್ ಫ್ಯಾಂಟಸಿ: ಕಾಳಗ ಪದ್ಧತಿಯ ವಿವಾದ

ಜಪಾನಿನ ಫೈನಲ್ ಫ್ಯಾಂಟಸಿ ವಿಡಿಯೊ ಗೇಮ್ ಸರಣಿಯಲ್ಲಿ ಸರದಿಯಂತೆ ನಡೆಯುವ ಕಾಳಗ ಉಳಿಯಬೇಕೇ, ಬದಲಾಗಬೇಕೇ ಎಂದು ಅಭಿಮಾನಿಗಳಲ್ಲಿ ನಡೆದುಬಂದಿರುವ ಚರ್ಚೆ. ಹಿರೊನೊಬು ಸಕಾಗುಚಿ ರೂಪಿಸಿ, ಸ್ಕ್ವೇರ್ ಕಂಪನಿ 1987ರಲ್ಲಿ ಹೊರತಂದ ಮೊದಲ ಆಟದಲ್ಲಿ ಆಟಗಾರರು ಪ್ರತಿ ಪಾತ್ರದ ನಡೆಯನ್ನು ಪಟ್ಟಿಯಿಂದ ಆರಿಸುತ್ತಿದ್ದರು. ಯೋಚಿಸಲು ಕಾಲಮಿತಿ ಇರಲಿಲ್ಲ. ನಾಲ್ಕನೆಯ ಆಟ (1991) ಕಾಲದ ಒತ್ತಡವನ್ನು ತಂದಿತು. ಹತ್ತನೆಯದು (2001) ಸರದಿಗೆ ಮರಳಿತು. ಹದಿನೈದನೆಯದರಲ್ಲಿ (2016) ಗುಂಡಿ ಒತ್ತಿದೊಡನೆ ಪ್ರಹಾರ ನಡೆಯುವ ನೇರ ಕಾಳಗ ಬಂದಿತು. ಪ್ರತಿ ಮುಖ್ಯ ಆಟಕ್ಕೂ ಹೊಸ ಲೋಕ, ಹೊಸ ಪಾತ್ರಗಳಿರುವುದರಿಂದ ಬದಲಾವಣೆಯೇ ಸರಣಿಯ ಸಂಪ್ರದಾಯವೆಂಬುದು ಒಂದು ಪಕ್ಷದ ವಾದ. ತಂಡವನ್ನು ನಿಧಾನವಾಗಿ ನಡೆಸುವ ಯುಕ್ತಿಯೇ ಅದರ ತಿರುಳೆಂಬುದು ಇನ್ನೊಂದರ ವಾದ. ಏಳನೆಯ ಆಟದ ಮರುಸೃಷ್ಟಿ (2020) ಎರಡೂ ಬಗೆಯ ಕಾಳಗಗಳನ್ನು ಬೆಸೆದ ಗಮನಾರ್ಹ ಪ್ರಯತ್ನ. ಹದಿನಾರನೆಯದು (2023) ಪೂರ್ಣವಾಗಿ ನೇರ ಕಾಳಗದ ಆಟ.