ನ್ಯೂಮನ್, ಆಡಮ್

1979– . ಹಂಚಿಕೆಯ ಕಚೇರಿಗಳ ವ್ಯವಹಾರವನ್ನು ಜಗತ್ತಿನಲ್ಲಿ ಮನೆಮಾತಾಗಿಸಿದ ಉದ್ಯಮಿ. ಇಸ್ರೇಲಿನಲ್ಲಿ ಜನಿಸಿ, ನೀರ್ ಆಮ್ ಎಂಬ ಕಿಬ್ಬುಟ್ಸಿನ ಸಾಮೂಹಿಕ ಜೀವನದಲ್ಲಿ ಬಾಲ್ಯದ ಕೆಲವು ವರ್ಷಗಳನ್ನು ಕಳೆದು, ನೌಕಾಸೇನೆಯಲ್ಲಿ ಸೇವೆ ಸಲ್ಲಿಸಿ, ವ್ಯಾಸಂಗಾರ್ಥವಾಗಿ ನ್ಯೂಯಾರ್ಕಿಗೆ ಬಂದ. ಅಂಬೆಗಾಲಿಡುವ ಶಿಶುಗಳಿಗಾಗಿ ಮೊಣಕಾಲಿಗೆ ಮೆತ್ತೆಯಿಟ್ಟು ಹೊಲಿಸಿದ ಉಡುಪುಗಳನ್ನು ಮಾರಲು ಈತ ಮಾಡಿದ ಮೊದಮೊದಲ ಯತ್ನ ಫಲಿಸಲಿಲ್ಲ.

2008ರಲ್ಲಿ ಮಿಗೆಲ್ ಮೆಕೆಲ್ವಿಯೊಡನೆ ಬ್ರೂಕ್ಲಿನ್ನಿನಲ್ಲಿ ಗ್ರೀನ್ ಡೆಸ್ಕ್ ಎಂಬ ಹಂಚಿಕೆಯ ಕಚೇರಿಯನ್ನೂ, 2010ರಲ್ಲಿ ವೀವರ್ಕ್ ಸಂಸ್ಥೆಯನ್ನೂ ಸ್ಥಾಪಿಸಿದ. ಕಟ್ಟಡದ ಮಹಡಿಗಳನ್ನೇ ದೀರ್ಘಾವಧಿಯ ಕರಾರಿನ ಮೇಲೆ ಗುತ್ತಿಗೆಗೆ ಹಿಡಿದು, ಗಾಜಿನ ಗೋಡೆಗಳಿಂದ ಕಿರುಕೋಣೆಗಳನ್ನಾಗಿ ವಿಂಗಡಿಸಿ, ನಡುವೆ ಎಲ್ಲರೂ ಕಲೆತು ಕಾಫಿ ಕುಡಿಯುವ ಜಾಗವೊಂದನ್ನು ಬಿಟ್ಟು, ಒಂದು ಮೇಜಷ್ಟೇ ಬೇಕಾದವನಿಗೂ ತಿಂಗಳ ಬಾಡಿಗೆಗೆ ಕೊಡುವುದು ಇದರ ಕ್ರಮ. ಸ್ವಂತ ಕಚೇರಿಯನ್ನು ಹೂಡಲಾರದ ಸಣ್ಣ ಉದ್ಯಮಶೀಲರಿಗೆ ಇದು ನಿಜಕ್ಕೂ ಮಹದುಪಕಾರವಾಯಿತು. ಆದರೆ ಸಂಸ್ಥೆ ತೆರಬೇಕಾದ ಬಾಡಿಗೆ ವರ್ಷಾನುಗಟ್ಟಲೆಯದು, ಬರುವ ಬಾಡಿಗೆ ತಿಂಗಳಿನದು. ಈ ಅಂತರದಲ್ಲಿಯೇ ವಿಪತ್ತಿನ ಬೀಜವಿದ್ದಿತು.

ಜಪಾನಿನ ಸಾಫ್ಟ್‌ಬ್ಯಾಂಕಿನ ಅಪಾರ ಬಂಡವಾಳದಿಂದ 2019ರ ಆರಂಭದಲ್ಲಿ ಸಂಸ್ಥೆಯ ಮೌಲ್ಯ 4,700 ಕೋಟಿ ಡಾಲರೆಂದು ಗಣಿತವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಸಾರ್ವಜನಿಕ ಷೇರು ವಿತರಣೆಗಾಗಿ ಸಲ್ಲಿಸಿದ ದಾಖಲೆಗಳಿಂದ, 2018ರ ಸುಮಾರು 180 ಕೋಟಿ ಡಾಲರ್ ಆದಾಯಕ್ಕೆ ಎದುರಾಗಿ ನಷ್ಟವೇ ಸುಮಾರು 190 ಕೋಟಿಯೆಂಬುದು ಬಯಲಾಗಲು, ಸೆಪ್ಟೆಂಬರಿನಲ್ಲಿ ಈತ ಮುಖ್ಯಾಧಿಕಾರಿಯ ಪದವಿಯನ್ನು ತ್ಯಜಿಸಬೇಕಾಯಿತು. ದೋಷವಿದ್ದುದು ಕಲ್ಪನೆಯಲ್ಲಲ್ಲ, ಅದನ್ನು ಹಬ್ಬಿಸಿದ ಅವಸರದಲ್ಲಿ.

2022ರಲ್ಲಿ ವಸತಿಗೃಹಗಳ ಫ್ಲೋ ಸಂಸ್ಥೆಯನ್ನು ಆರಂಭಿಸಿದ. ವೀವರ್ಕ್ 2023ರ ನವೆಂಬರಿನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ರಕ್ಷಣೆಯನ್ನು ಕೋರಿತು. 2017ರಲ್ಲಿ ಬೆಂಗಳೂರಿನಲ್ಲಿ ಕಟ್ಟಡ ನಿರ್ಮಾಣದ ಎಂಬಸಿ ಸಮೂಹದೊಡನೆ ಆರಂಭವಾದ ಭಾರತೀಯ ಶಾಖೆ ಪ್ರತ್ಯೇಕ ಸಂಸ್ಥೆಯಾದ್ದರಿಂದ ತನ್ನ ವ್ಯವಹಾರವನ್ನು ಮುಂದುವರಿಸಿತು.