ಗಬ್ಬವೋ ಖಾಲಿಯೋ: ಹಸುವಿನ ಒಡಲನ್ನು ಓದಲು ಹೊರಟವರು

ಕನ್ನಡದ 'ತೆನೆ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ರಾಗಿ, ಜೋಳದ ಪೈರು ಕಾಳು ಹಿಡಿದು ತಲೆದೂಗುವುದೂ ತೆನೆ. ಹಸು, ಎಮ್ಮೆಗಳು ಗಬ್ಬ ನಿಲ್ಲುವುದೂ ತೆನೆ. ಬೇಸಾಯಗಾರನ ಭಾಷೆಗೆ ಇವೆರಡೂ ಒಂದೇ ಬಗೆಯ ಭಾಗ್ಯವಾಗಿ ಕಂಡಿರಬೇಕು. ಆದರೆ ಎರಡಕ್ಕೂ ದೊಡ್ಡದೊಂದು ವ್ಯತ್ಯಾಸವಿದೆ. ಹೊಲದ ತೆನೆ ದಾರಿಹೋಕರಿಗೂ ಕಾಣುತ್ತದೆ. ಹಸುವಿನ ತೆನೆ ಸಾಕಿದವನಿಗೂ ಕಾಣುವುದಿಲ್ಲ. ಸುಮಾರು 283 ದಿನಗಳ ಗರ್ಭಾವಧಿಯಲ್ಲಿ ಮೊದಲ ನಾಲ್ಕೈದು ತಿಂಗಳು ಹಸು ಹೊರಗೆ ಏನನ್ನೂ ತೋರಿಸಿಕೊಳ್ಳದೆ ಮೇಯುತ್ತಿರುತ್ತದೆ. ಈ ಗುಟ್ಟನ್ನು ಆದಷ್ಟು ಬೇಗ ತಿಳಿಯಲು ಮನುಷ್ಯ ಏನೇನು ಮಾಡಿದ ಎಂಬುದೇ ಒಂದು ಚರಿತ್ರೆ.

ಹಾಲಿಗಾಗಿ ಹಸು ಕಟ್ಟಿದವರಿಗೂ ಈ ಪ್ರಶ್ನೆ ಮುಖ್ಯವೇ. ಆದರೆ ಅದು ಅತ್ಯಂತ ಕಟುವಾಗಿ ಎದುರಾಗುವುದು ಮಾಂಸದ ದನ ಸಾಕುವವರಿಗೆ. ಅಮೆರಿಕದ ಇಡಾಹೊ, ಮೊಂಟಾನಾ, ವಯೋಮಿಂಗ್‌ನಂಥ ರಾಜ್ಯಗಳ ರಾಂಚುಗಳಲ್ಲಿ ಹಸುವಿನ ಹಾಲನ್ನು ಯಾರೂ ಕರೆಯುವುದಿಲ್ಲ. ಅದೆಲ್ಲ ಕರುವಿನ ಪಾಲು. ವರ್ಷಕ್ಕೊಂದು ಕರು, ಅದೊಂದೇ ಹಸು ಕೊಡುವ ಫಸಲು. ಲೆಕ್ಕ ಸರಳವಾಗಿದೆ: 365ರಲ್ಲಿ 283 ಕಳೆದರೆ ಉಳಿಯುವುದು 82 ದಿನ. ಈದ ಹಸು ಚೇತರಿಸಿಕೊಂಡು, ಮತ್ತೆ ಬೆದೆಗೆ ಬಂದು, ಗಬ್ಬ ಕಟ್ಟಲು ಸಿಗುವ ಕಾಲ ಅಷ್ಟೇ. ವಸಂತದಲ್ಲಿ ಕರುಗಳು ಹುಟ್ಟುತ್ತವೆ, ಬೇಸಿಗೆಯಲ್ಲಿ ಹೋರಿಗಳನ್ನು ಮಂದೆಗೆ ಬಿಡುತ್ತಾರೆ, ಶರತ್ಕಾಲದಲ್ಲಿ ಕರುಗಳನ್ನು ತಾಯಿಯಿಂದ ಬಿಡಿಸುತ್ತಾರೆ. ಆಮೇಲೆ ಹಿಮ ಬೀಳುತ್ತದೆ. ತಿಂಗಳುಗಟ್ಟಲೆ ಒಣಹುಲ್ಲು ಹಾಕಿ ಸಾಕಬೇಕು. ಗಬ್ಬವಿಲ್ಲದ ಹಸು ಚಳಿಗಾಲವಿಡೀ ತಿಂದು ವಸಂತದಲ್ಲಿ ಬರಿಗೈ ತೋರಿಸುತ್ತದೆ. ಆದ್ದರಿಂದ ಹಿಮ ಬೀಳುವ ಮುನ್ನವೇ ಉತ್ತರ ಬೇಕು. 'ಖಾಲಿ' ಎಂದು ಗೊತ್ತಾದ ಹಸು ಸಾಮಾನ್ಯವಾಗಿ ಲಾರಿ ಹತ್ತುತ್ತದೆ, ಕಸಾಯಿಖಾನೆಗೆ. ಪರೀಕ್ಷೆಯ ಒಂದು ಪದದ ಮೇಲೆ ಒಂದು ಜೀವ ನಿಂತಿರುತ್ತದೆ ಎಂಬುದನ್ನು ಈ ಕಥೆಯುದ್ದಕ್ಕೂ ನೆನಪಿಟ್ಟುಕೊಳ್ಳಬೇಕು.

ಹಳೆಯ ಕಾಲದ ಪರೀಕ್ಷೆಯೆಂದರೆ ಕಾಯುವುದು. ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಹೋರಿ ಹಾಯಿಸಿದ ಮೇಲೆ ಮೂರು ವಾರ ಕಳೆದರೂ ಬೆದೆ ಕಾಣಲಿಲ್ಲವೆಂದರೆ ಗಬ್ಬ ನಿಂತಿದೆ ಎಂದು ನಂಬಬೇಕು. ಕಣ್ಣಿಗೆ ಬೀಳದ ಬೆದೆಗಳೂ, ತಡವಾಗಿ ಬರುವ ಬೆದೆಗಳೂ ಈ ನಂಬಿಕೆಯನ್ನು ಆಗಾಗ ಸುಳ್ಳು ಮಾಡುತ್ತಿದ್ದವು. ಇನ್ನೊಂದು ಉಪಾಯ, ಹೊಟ್ಟೆಯ ಪಕ್ಕಕ್ಕೆ ಮುಷ್ಟಿಯಿಂದ ಒತ್ತಿ ಒಳಗಿನ ಕರು ತೇಲಿ ಬಂದು ಕೈಗೆ ತಾಗುತ್ತದೆಯೇ ಎಂದು ನೋಡುವುದು. ಅದು ತಾಗುವಷ್ಟರಲ್ಲಿ ಗರ್ಭ ಅರ್ಧ ದಾರಿ ದಾಟಿರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಪಶುವೈದ್ಯರ ಕೈ ಮುಂದೆ ಬಂತು. ಭುಜದವರೆಗೆ ಕೈಗವಸು ತೊಟ್ಟು, ಗುದನಾಳದೊಳಗೆ ಕೈಯಿಟ್ಟು, ಅದರ ಗೋಡೆಯ ಮೂಲಕ ಕೆಳಗಿರುವ ಗರ್ಭಕೋಶವನ್ನು ತಡವಿ ತಿಳಿಯುವ ವಿಧಾನವಿದು. ನುರಿತ ಬೆರಳುಗಳಿಗೆ ಸುಮಾರು 35ನೆಯ ದಿನಕ್ಕೇ ಗರ್ಭಕೋಶದೊಳಗಿನ ಪೊರೆ ಜಾರುವುದು ಗೊತ್ತಾಗುತ್ತದೆ. ಹೊಸಬರಿಗೆ ಕಲಿಸುವಾಗ ಅಮೆರಿಕದ ಕೈಪಿಡಿಗಳು ಪ್ರಾಣಿಗಳ ಹೋಲಿಕೆ ಕೊಡುತ್ತವೆ: ಎರಡು ತಿಂಗಳಿಗೆ ಚಿಟ್ಟಿಲಿಯಷ್ಟು, ಮೂರಕ್ಕೆ ಹೆಗ್ಗಣದಷ್ಟು, ನಾಲ್ಕಕ್ಕೆ ಸಣ್ಣ ಬೆಕ್ಕಿನಷ್ಟು, ಆರಕ್ಕೆ ಬೀಗಲ್ ನಾಯಿಯಷ್ಟು. ಉಪಕರಣ ಬೇಡ, ಪ್ರಯೋಗಾಲಯ ಬೇಡ, ಉತ್ತರ ಅಲ್ಲೇ ಸಿಗುತ್ತದೆ. ಬೇಕಾದದ್ದು ಸಾವಿರಾರು ಹಸುಗಳನ್ನು ತಡವಿದ ಒಂದು ಕೈ ಮಾತ್ರ. ಅಂಥ ಕೈಯೇ ದುರ್ಲಭ. ಆ ಕೈ ಕೂಡ ನಾಲ್ಕನೆಯ ವಾರದ ಗರ್ಭವನ್ನು ನೆಚ್ಚಿ ಹೇಳಲಾರದು.

ಅಷ್ಟರಲ್ಲಿ ಮನುಷ್ಯರ ಗರ್ಭ ಪರೀಕ್ಷೆಯಲ್ಲಿ ಕ್ರಾಂತಿಯೇ ಆಗಿತ್ತು. 1927ರ ಸುಮಾರಿಗೆ ಬರ್ಲಿನ್‌ನಲ್ಲಿ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಝೊಂಡೆಕ್ ಗರ್ಭಿಣಿಯ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ನಂತರ ಅವುಗಳ ಅಂಡಾಶಯ ನೋಡಿ ಫಲಿತಾಂಶ ಹೇಳುವ ವಿಧಾನ ಕಂಡುಹಿಡಿದರು. ಮೂತ್ರದಲ್ಲಿದ್ದದ್ದು ಗರ್ಭವೇ ಉತ್ಪಾದಿಸುವ ಒಂದು ಹಾರ್ಮೋನು. ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಪಟ್ಟಿ ಹುಡುಕುವುದೂ ಅದೇ ಹಾರ್ಮೋನನ್ನು. 1930ರಲ್ಲಿ ಕ್ಯಾಲಿಫೋರ್ನಿಯಾದ ಹೆರಾಲ್ಡ್ ಕೋಲ್ ಮತ್ತು ಜಾರ್ಜ್ ಹಾರ್ಟ್, ಗಬ್ಬದ ಕುದುರೆಯ ರಕ್ತದಲ್ಲೂ ಅಂಥದೇ ಒಂದು ಹಾರ್ಮೋನು ಇದೆ ಎಂದು ತೋರಿಸಿದರು. ಹೆಣ್ಣಿಗೆ ಸಿಕ್ಕಿತು, ಕುದುರೆಗೆ ಸಿಕ್ಕಿತು. ಇನ್ನು ಹಸುವಿಗೂ ಸಿಗಬೇಕಲ್ಲ?

ಸಿಗಲಿಲ್ಲ. ಹಸುವಿನ ಗರ್ಭ ಅಂಥ ಹಾರ್ಮೋನನ್ನು ತಾಯಿಯ ರಕ್ತಕ್ಕಾಗಲಿ ಮೂತ್ರಕ್ಕಾಗಲಿ ಕಳಿಸುವುದೇ ಇಲ್ಲ. ಮನುಷ್ಯರ ಭ್ರೂಣ ಬೇಗನೆ ಗರ್ಭಕೋಶದ ಗೋಡೆಯೊಳಗೆ ಹೂತುಕೊಳ್ಳುತ್ತದೆ. ಹಸುವಿನ ಭ್ರೂಣ ಸುಮಾರು ಮೂರು ವಾರ ಎಲ್ಲೂ ಗಟ್ಟಿಯಾಗಿ ಅಂಟಿಕೊಳ್ಳದೆ ತೇಲುತ್ತ, ದಾರದಂತೆ ಉದ್ದಕ್ಕೆ ಬೆಳೆಯುತ್ತದೆ. ಆ ಹೊತ್ತಿನಲ್ಲಿ ಅದು 'ನಾನಿದ್ದೇನೆ' ಎಂದು ಹೇಳುವ ಬಗೆಯೇ ಬೇರೆ. ಈ ಸಂಕೇತ ಏನೆಂದು ಬೆಳಕಿಗೆ ಬಂದದ್ದು 1980ರ ದಶಕದಲ್ಲಿ, ಮೊದಲು ಕುರಿಗಳಲ್ಲಿ, ಆಮೇಲೆ ಹಸುಗಳಲ್ಲಿ. ವೈರಸ್ಸಿನ ವಿರುದ್ಧ ದೇಹ ಬಳಸುವ ಇಂಟರ್‌ಫೆರಾನ್‌ಗಳ ಕುಲಕ್ಕೆ ಸೇರಿದ ಪ್ರೋಟೀನು ಅದು. 16, 17ನೆಯ ದಿನದ ಹೊತ್ತಿಗೆ ಅದು ಗರ್ಭಕೋಶಕ್ಕೆ ತಲುಪಿಸುವ ಸಂದೇಶ ಇಷ್ಟೇ: ಮುಂದಿನ ಬೆದೆಯನ್ನು ತಡೆ. ಆ ಮಾತು ಮುಖ್ಯವಾಗಿ ಗರ್ಭಕೋಶದ ಒಳಗೇ ನಡೆಯುತ್ತದೆ. ಹೊರಗೆ ಕಿವಿಗೊಟ್ಟವರಿಗೆ ಸುಲಭವಾಗಿ ಕೇಳಿಸದು.

ಆದ್ದರಿಂದ ವಿಜ್ಞಾನಿಗಳು ಬಳಸುದಾರಿ ಹಿಡಿದರು. ಬೆದೆ ತಡೆದರೆ ಅಂಡಾಶಯ ಪ್ರೊಜೆಸ್ಟೆರಾನ್ ಹಾರ್ಮೋನನ್ನು ಸ್ರವಿಸುತ್ತಲೇ ಇರುತ್ತದೆ. ರಕ್ತದಲ್ಲಿ ಅತ್ಯಲ್ಪ ಪ್ರಮಾಣದ ಹಾರ್ಮೋನುಗಳನ್ನೂ ಅಳೆಯುವ ವಿಧಾನವನ್ನು ನ್ಯೂಯಾರ್ಕಿನಲ್ಲಿ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ರೂಪಿಸಿದ್ದರು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಆ ಹಾದಿಯಲ್ಲೇ 1971ರಲ್ಲಿ ಬ್ರಿಟನ್ನಿನ ಲೈಂಗ್ ಮತ್ತು ಹೀಪ್ ಹಸುವಿನ ಹಾಲಿನಲ್ಲೂ ಪ್ರೊಜೆಸ್ಟೆರಾನ್ ಅಳೆಯಬಹುದೆಂದು ತೋರಿಸಿದರು. ಗರ್ಭಧಾರಣೆ ಮಾಡಿಸಿದ 21ರಿಂದ 24ನೆಯ ದಿನದ ಹಾಲು ಸಾಕು. ಹಾರ್ಮೋನು ಕಡಿಮೆಯಿದ್ದರೆ ಹಸು ಖಾಲಿ, ಅದರಲ್ಲಿ ಅನುಮಾನ ಕಡಿಮೆ. ಹೆಚ್ಚಿದ್ದರೆ ಗಬ್ಬ ಇರಬಹುದು, ಅಷ್ಟೇ. ಏಕೆಂದರೆ ಬೆದೆಯ ದಿನ ಆಚೀಚೆಯಾದ ಖಾಲಿ ಹಸುವಿನಲ್ಲೂ ಅದು ಹೆಚ್ಚೇ ಇರುತ್ತದೆ. ಪರೀಕ್ಷೆ 'ಇಲ್ಲ' ಎಂಬುದನ್ನು ಗಟ್ಟಿಯಾಗಿ, 'ಹೌದು' ಎಂಬುದನ್ನು ಅಳುಕಿನಿಂದ ಹೇಳುತ್ತಿತ್ತು. ರಾಂಚಿನ ಹಸುವಿಗೆ ಇದೂ ಒದಗಲಿಲ್ಲ. ಅಲ್ಲಿ ಹಾಲು ಕರೆಯುವವರಿಲ್ಲ; ಹೋರಿ ಮಂದೆಯಲ್ಲೇ ತಿರುಗುವುದರಿಂದ ಯಾವ ಹಸು ಯಾವ ದಿನ ಕೂಡಿತೆಂದು ಬರೆದಿಡುವವರೂ ಇಲ್ಲ.

ರಾಂಚಿಗೆ ಒದಗುವ ಉತ್ತರ ಬಂದದ್ದು ರಾಂಚುಗಳ ನಾಡಿನಿಂದಲೇ. ಇಡಾಹೊ ರಾಜ್ಯದಲ್ಲಿ ಮಾಸ್ಕೋ ಎಂಬ ಪುಟ್ಟ ಊರಿದೆ. ಅಲ್ಲಿನ ವಿಶ್ವವಿದ್ಯಾಲಯದ ಗಾರ್ತ್ ಸಾಸರ್ ಮತ್ತು ಸಂಗಡಿಗರು 1982ರಲ್ಲಿ ಹಸುವಿನ ಗರ್ಭದ್ದೇ ಆದ ಒಂದು ಪ್ರೋಟೀನನ್ನು ಪ್ರತ್ಯೇಕಿಸಿದ ವಿಷಯ ಪ್ರಕಟಿಸಿದರು. ಭ್ರೂಣ ಗೋಡೆಗೆ ಅಂಟಿಕೊಳ್ಳುವಾಗ ಅದರ ಹೊರಪೊರೆಯ ಕೆಲವು ಕೋಶಗಳು ತಾಯಿಯ ಕೋಶಗಳೊಂದಿಗೆ ಬೆರೆತು ಈ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಕೊನೆಗೂ ಒಳಗಿನ ಸುದ್ದಿ ಹೊರಗೆ ಬರುವ ಒಂದು ಕಿಂಡಿ ಸಿಕ್ಕಿತು. ಆದರೆ ಪ್ರಯೋಗಾಲಯದಿಂದ ಮಂದೆಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. 2000ರ ದಶಕದ ಆರಂಭದಿಂದ ರಾಂಚಿನವರು ತಾವೇ ಬಾಲದ ರಕ್ತನಾಳದಿಂದ ಎರಡು ಮಿಲಿಲೀಟರಿನಷ್ಟು ರಕ್ತ ತೆಗೆದು, ಕೊಳವೆಯ ಮೇಲೆ ಹಸುವಿನ ನಂಬರು ಬರೆದು, ಅಂಚೆಯಲ್ಲಿ ಕಳಿಸತೊಡಗಿದರು. ಕೂಡಿ 28, 30 ದಿನವಾಗಿದ್ದರೆ ಸಾಕು. ದಿನ ಗೊತ್ತಿಲ್ಲದಿದ್ದರೆ, ಹೋರಿಯನ್ನು ಮಂದೆಯಿಂದ ತೆಗೆದು ಅಷ್ಟು ದಿನ ಕಾದರಾಯಿತು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇನ್ನೊಂದು ಕಿಂಡಿಯೂ ತೆರೆಯಿತು. ಹಡಗು ಕಾರ್ಖಾನೆಗಳ ಲೋಹದಲ್ಲಿ ಬಿರುಕು ಹುಡುಕುತ್ತಿದ್ದ ಶಬ್ದತರಂಗದ ಯಂತ್ರವನ್ನು ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ 1950ರ ದಶಕದಲ್ಲಿ ಮನುಷ್ಯರ ಹೊಟ್ಟೆಯ ಮೇಲಿಟ್ಟು ನೋಡಿದ್ದರು. 1984ರಲ್ಲಿ ವಿಸ್ಕಾನ್ಸಿನ್‌ನ ಪಿಯರ್ಸನ್ ಮತ್ತು ಜಿಂಥರ್ ಕಡಸುಗಳ ಗರ್ಭವನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿ, ಭ್ರೂಣದ ಬೆಳವಣಿಗೆಯನ್ನು ದಾಖಲಿಸಿದರು. ಕೈಗೆ ಏನೂ ಹತ್ತದ ನಾಲ್ಕನೆಯ ವಾರದಲ್ಲೇ, ಪರದೆಯ ಮೇಲೆ ಕಾಳಿನಷ್ಟು ಗಾತ್ರದ ಜೀವದೊಳಗೆ ಎದೆ ಮಿಡಿಯುವುದು ಕಾಣಿಸಿತು. ರಕ್ತದ ಪರೀಕ್ಷೆ ಗರ್ಭವಿದೆ ಎಂದಷ್ಟೇ ಹೇಳಿದರೆ, ಇದು ಅದು ಬದುಕಿದೆಯೇ, ವಯಸ್ಸೆಷ್ಟು, ಒಂದೋ ಎರಡೋ ಎಂಬುದನ್ನೂ ಹೇಳಬಲ್ಲುದು. ಆದರೆ ಯಂತ್ರ ದುಬಾರಿ. ಇಲ್ಲಿಯೂ ಪಳಗಿದ ಕಣ್ಣು ಬೇಕು.

ಹೀಗೆ ಐದು ತಿಂಗಳ ಕಾಯುವಿಕೆ ಐದು ವಾರಕ್ಕೆ, ಆಮೇಲೆ ನಾಲ್ಕು ವಾರಕ್ಕೆ ಇಳಿಯಿತು. ಇದನ್ನು ಗೆಲುವಿನ ಕಥೆಯೆಂದು ಮುಗಿಸಬಹುದಿತ್ತು. ಆದರೆ ಬೇಗ ತಿಳಿಯುವುದಕ್ಕೂ ಖಚಿತವಾಗಿ ತಿಳಿಯುವುದಕ್ಕೂ ನಡುವೆ ಒಂದು ಕಂದಕವಿದೆ. ಹಸುವಿನಲ್ಲಿ ಫಲ ಕಟ್ಟಿದ ಎಷ್ಟೋ ಭ್ರೂಣಗಳು ಮೊದಲ ಆರು ವಾರದೊಳಗೇ ಸದ್ದಿಲ್ಲದೆ ಕರಗಿಹೋಗುತ್ತವೆ. 28ನೆಯ ದಿನ 'ಗಬ್ಬ' ಎಂದದ್ದು ಸುಳ್ಳಲ್ಲ. 60ನೆಯ ದಿನ ಅದೇ ಹಸು ಖಾಲಿಯಿದ್ದರೆ ಅದೂ ಸುಳ್ಳಲ್ಲ. ಭ್ರೂಣ ಸತ್ತ ಮೇಲೂ ಅದರ ಪ್ರೋಟೀನು ಕೆಲವು ದಿನ ರಕ್ತದಲ್ಲಿ ಉಳಿಯುತ್ತದೆ, ತೀರಿಹೋದವರ ಹೆಸರಿಗೆ ಕಾಗದ ಬರುತ್ತಿರುವಂತೆ. ಹಿಂದಿನ ಕರು ಹಾಕಿ ಎರಡೂವರೆ ತಿಂಗಳಾಗದ ಹಸುವಿನಲ್ಲಿ ಹಳೆಯ ಗರ್ಭದ ಪ್ರೋಟೀನೇ ಉತ್ತರ ಕೊಟ್ಟುಬಿಡಬಹುದು. ಇದಕ್ಕಿಂತ ಕಹಿಯಾದದ್ದು ಇನ್ನೊಂದು ತಪ್ಪು. ಹೋರಿ ಮಂದೆಯಲ್ಲಿದ್ದ ಕೊನೆಯ ದಿನಗಳಲ್ಲಿ ಗಬ್ಬ ನಿಂತ ಹಸು, ಅವಸರದ ಪರೀಕ್ಷೆಗೆ ಖಾಲಿಯಾಗಿಯೇ ಕಾಣುತ್ತದೆ. ಅದು ಲಾರಿ ಹತ್ತಿದ ಮೇಲೆ ತಿದ್ದುಪಡಿ ಇಲ್ಲ. ಅದಕ್ಕೇ ಬಲ್ಲವರು ಬೇಗ ಪರೀಕ್ಷಿಸಿದರೂ ತಿಂಗಳು ಬಿಟ್ಟು ಮತ್ತೊಮ್ಮೆ ಕೈಯಿಟ್ಟು ನೋಡುತ್ತಾರೆ.

ಈ ಕಥೆಗೆ ಕರ್ನಾಟಕದ ಒಂದೆರಡು ಪುಟಗಳೂ ಇವೆ. ಭಾರತದಲ್ಲಿ ಹಸುಗಳಿಗೆ ಕೃತಕ ಗರ್ಭಧಾರಣೆಯ ಮೊದಲ ಪ್ರಯೋಗ ನಡೆದದ್ದು 1939ರಲ್ಲಿ, ಮೈಸೂರಿನ ಪ್ಯಾಲೇಸ್ ಡೈರಿ ಫಾರ್ಮಿನಲ್ಲಿ, ಸಂಪತ್ ಕುಮಾರನ್ ಅವರಿಂದ. ಆ ವಿಧಾನ ಹಳ್ಳಿಗಳಿಗೆ ಹಬ್ಬಿದಂತೆ, ರಾಂಚಿನವನಿಗೆ ಇಲ್ಲದ ಒಂದು ಅನುಕೂಲ ನಮ್ಮ ರೈತರಿಗಾಯಿತು: ಗರ್ಭಧಾರಣೆಯ ದಿನ ಗೊತ್ತಿರುತ್ತದೆ. ಗೊತ್ತಾಗದೆ ಉಳಿದದ್ದು ಅದು ನಿಂತಿತೋ ಇಲ್ಲವೋ ಎಂಬುದು.

1993ರಲ್ಲಿ ಟಿ. ವೀಣಾ ಮತ್ತು ಆರ್. ನರೇಂದ್ರನಾಥ್ ಎಂಬ ಸಂಶೋಧಕರು ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಮೂರು ಸಾವಿರ ವರ್ಷಕ್ಕೂ ಹಳೆಯ ಈಜಿಪ್ಟಿನ ಪಪೈರಸ್ ಒಂದರಲ್ಲಿ, ಹೆಂಗಸು ಗೋಧಿ ಮತ್ತು ಬಾರ್ಲಿಯ ಮೇಲೆ ದಿನವೂ ಮೂತ್ರ ಬಿಡಬೇಕು, ಮೊಳೆತರೆ ಗರ್ಭವಿದೆ ಎಂಬ ವಿಧಿಯಿದೆ. 1963ರಲ್ಲಿ ಈಜಿಪ್ಟಿನ ವೈದ್ಯ ಪಾಲ್ ಘಲಿಯೂಂಗಿ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದಾಗ, ಗರ್ಭಿಣಿಯರ ಮೂತ್ರದ ಪೈಕಿ ನೂರಕ್ಕೆ ಸುಮಾರು ಎಪ್ಪತ್ತರಲ್ಲಿ ಮೊಳಕೆ ಬಂದಿತ್ತು. ವೀಣಾ ಮತ್ತು ನರೇಂದ್ರನಾಥ್ ಅದನ್ನು ಹಸುವಿಗೆ ಅನ್ವಯಿಸಿದರು. ಹಸುವಿನ ಮೂತ್ರಕ್ಕೆ ಹಲವು ಪಟ್ಟು ನೀರು ಬೆರೆಸಿ ಗೋಧಿ ನೆನೆಸಿ ಕೆಲವು ದಿನ ಕಾದಾಗ ಕಂಡದ್ದು ತಿರುವುಮುರುವು: ಗಬ್ಬದ ಹಸುವಿನದಾದರೆ ಮೊಳಕೆ ಕುಂಠಿತವಾಗುತ್ತದೆ. ಮೊಳಕೆಯನ್ನು ತಡೆಯುವ ಆಬ್ಸಿಸಿಕ್ ಆಮ್ಲ ಅಂಥ ಮೂತ್ರದಲ್ಲಿ ಹೆಚ್ಚಿರುವುದು ಕಾರಣವೆಂದು ಹೇಳಲಾಯಿತು. ಪರೀಕ್ಷೆಗೆ ಬಂದ ಹೆಸರು ಪುಣ್ಯಕೋಟಿ. ಸೂಜಿಯಿಲ್ಲ, ಯಂತ್ರವಿಲ್ಲ, ಖರ್ಚೂ ಇಲ್ಲ. ಆದರೆ ಕುಡಿದ ನೀರು, ತಿಂದ ಮೇವಿನಿಂದ ಮೂತ್ರದ ಸಾಂದ್ರತೆ ದಿನದಿನಕ್ಕೆ ಬದಲಾಗುವುದರಿಂದ ಗೋಧಿಯ ಮಾತನ್ನು ಅಂತಿಮವೆಂದು ಒಪ್ಪುವುದು ಕಷ್ಟ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ತೀರ್ಮಾನ ಹೇಳುವುದು ಬಹುಮಟ್ಟಿಗೆ ಪಶುವೈದ್ಯರ ಕೈಯೇ.

ಕೊಟ್ಟ ಮಾತಿಗೆ ತಪ್ಪದ ಹಸುವಿನ ಹೆಸರನ್ನು, ಮಾತೇ ಆಡದ ಹಸುವಿನ ಪರೀಕ್ಷೆಗೆ ಇಟ್ಟದ್ದು ಅರ್ಥಪೂರ್ಣವಾಗಿದೆ. ಬರ್ಲಿನ್ನಿನ ಇಲಿ, ಇಡಾಹೊದ ರಕ್ತದ ಕೊಳವೆ, ವಿಸ್ಕಾನ್ಸಿನ್ನಿನ ಪರದೆ, ಬೆಂಗಳೂರಿನ ಗೋಧಿ, ಎಲ್ಲವೂ ಕೇಳಿದ್ದು ಒಂದೇ ಪ್ರಶ್ನೆ. ಉತ್ತರಗಳು ಮಾತ್ರ ಬೇಗಬೇಗ ಬರತೊಡಗಿದವು. ಆ ಉತ್ತರದಿಂದ ಒಂದು ಮಂದೆಯ ಚಳಿಗಾಲದ ಮೇವು ಉಳಿಯುತ್ತದೆ, ಒಂದು ಸಂಸಾರದ ವರ್ಷ ನಿಲ್ಲುತ್ತದೆ. ಅದೇ ಉತ್ತರದಿಂದ ಒಂದು ಹಸು ಮಂದೆಯಿಂದ ಹೊರಗೆ ನಡೆಯುತ್ತದೆ. ಹಾಗಾಗಿ ಪರೀಕ್ಷೆ ಎಷ್ಟು ಬೇಗ ಹೇಳಿತು ಎಂಬುದಕ್ಕಿಂತ, ಅದರ 'ಇಲ್ಲ' ಎಂಬ ಮಾತನ್ನು ನಂಬುವ ಮುನ್ನ ಕೇಳಿದವನು ಎಷ್ಟು ದಿನ ತಾಳಿದ ಎಂಬುದೇ ಮುಖ್ಯವಾಗುತ್ತದೆ.